ಕೆಟ್ಟದ್ದು ಯಾವ ಭಾಗ ಎಂದು ಮೊದಲು ಕೇಳಿ

ತುಂಗಭದ್ರೆಯ ದಂಡೆಯ ಚೀಕಲಪರ್ವಿಯಂಥ ಊರಿನಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಫ್ರಿಜ್ ನಿಂತುಹೋಯಿತು ಎಂದುಕೊಳ್ಳಿ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಒಳಗೆ ಹಾಲು, ಮೊಸರು, ನಾಳೆಯ ಕಾಯಿಪಲ್ಯ. ಸಕ್ಕರೆ ಕಾಯಿಲೆಯವರು ಇರುವ ಮನೆಯಾದರೆ ಇನ್ಸುಲಿನ್ ಕೂಡ. ಮೆಕ್ಯಾನಿಕ್ ಮಾನ್ವಿಯಿಂದ ಬರಬೇಕು, ಕಂಪನಿಯವರೇ ಬೇಕೆಂದರೆ ಫೋನು ಮಾಡಿ ರಾಯಚೂರಿನಿಂದ ಬರುವತನಕ ಕಾಯಬೇಕು. ಅಷ್ಟರಲ್ಲಿ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಎಂಟು ವರ್ಷ ಆತಲ್ರಿ, ಸಾಕು, ಹೊಸಾದು ತಂದ್ಬಿಡೋಣ.’ ಆ ಬಿಸಿಲಿನಲ್ಲಿ ಆ ಮಾತು ಸರಿಯೆಂದೇ ತೋರುತ್ತದೆ. ಕಂತಿನ ಮೇಲೆ ಕೊಡುವ ಅಂಗಡಿ ಇದೆ, ಹಳೆಯದಕ್ಕೆ ಎಕ್ಸ್‌ಚೇಂಜ್ ಇದೆ, ಸಂಜೆಯೊಳಗೆ ಟಂಟಂನಲ್ಲಿ ಹೊಸ ಫ್ರಿಜ್ ಬಂದೂಬಿಡುತ್ತದೆ. ಆದರೆ ಕೆಟ್ಟದ್ದು ಇಡೀ ಫ್ರಿಜ್ಜೋ, ಅದರ ಹಿಂದೆ ಕಂಪ್ರೆಸರ್ ಪಕ್ಕ ಕೂತಿರುವ ಬೆಂಕಿಪೊಟ್ಟಣದಷ್ಟು ರಿಲೇಯೋ ಎಂದು ಆ ಹೊತ್ತಿಗೆ ಯಾರೂ ನೋಡಿರುವುದಿಲ್ಲ. ರಿಪೇರಿಯೋ ಹೊಸದೋ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ವಸ್ತುವಿನ ವಯಸ್ಸು ನೋಡಿ, ಹೊಸದರ ಬೆಲೆ ನೋಡಿ ಬಗೆಹರಿಸುತ್ತೇವೆ. ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ, ಸರಿಮಾಡಿಸಿದರೆ ಇನ್ನೆಷ್ಟು ವರ್ಷ ನಡೆಯುತ್ತದೆ ಎಂಬ ಮೂರು ಮಾತು ತಿಳಿಯುವ ತನಕ ವಯಸ್ಸಿಗೂ ಬೆಲೆಗೂ ಅರ್ಥವಿಲ್ಲ ಎನ್ನುವುದು ನನ್ನ ವಾದ.

ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸದನ್ನೇ ಕೊಳ್ಳಿ ಎಂಬ ಸೂತ್ರವೊಂದು ಎಲ್ಲೆಡೆ ಚಾಲ್ತಿಯಲ್ಲಿದೆ. ನೆನಪಿಡಲು ಸುಲಭ. ಆದರೆ ಅದು ಕಾಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವರ್ಷದ ಲೆಕ್ಕ ಹಾಕಿ ನೋಡಿ. 16,000 ರೂಪಾಯಿಯ ಒಂಟಿ ಬಾಗಿಲಿನ ಫ್ರಿಜ್ 12 ವರ್ಷ ಬಾಳಿದರೆ ವರ್ಷಕ್ಕೆ ಬೀಳುವ ಖರ್ಚು ಸುಮಾರು 1,330 ರೂಪಾಯಿ. ಹಳೆಯದಕ್ಕೆ ಥರ್ಮೋಸ್ಟಾಟ್, ರಿಲೇ ಹಾಕಿಸಿ ಕೂಲಿ ಸೇರಿ 1,500 ಕೊಟ್ಟು, ಅದು ಮೂರು ವರ್ಷ ನಡೆದರೆ ವರ್ಷಕ್ಕೆ 500. ಕಂಪ್ರೆಸರ್ ಬದಲಿಸಿ ಗ್ಯಾಸ್ ತುಂಬಿಸಲು 5,000 ಆಗಿ, ಅದು ನಾಲ್ಕು ವರ್ಷ ನಡೆದರೆ ವರ್ಷಕ್ಕೆ 1,250. ಇಲ್ಲಿ ಅರ್ಧದ ಸೂತ್ರ ಕಣ್ಣುಮುಚ್ಚಿ ರಿಪೇರಿ ಮಾಡಿಸಿ ಎನ್ನುತ್ತದೆ. ವರ್ಷದ ಲೆಕ್ಕ ಎರಡೂ ಹೆಚ್ಚುಕಡಿಮೆ ಸಮ ಎನ್ನುತ್ತದೆ. ಅದೇ ಕಂಪ್ರೆಸರ್ ಎರಡೇ ವರ್ಷಕ್ಕೆ ಕೈಕೊಟ್ಟರೆ ವರ್ಷಕ್ಕೆ 2,500, ಅಂದರೆ ಶುದ್ಧ ನಷ್ಟ. ಈ ಬೆಲೆಗಳು ಊರಿಂದೂರಿಗೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ನಿಮ್ಮ ಮೆಕ್ಯಾನಿಕ್ ಹೇಳಿದ ಅಂಕಿಯನ್ನೇ ಹಾಕಿಕೊಳ್ಳಿ, ಲೆಕ್ಕ ಹಾಕುವ ರೀತಿ ಮಾತ್ರ ಇದೇ ಇರಲಿ. ಹಳ್ಳಿಯ ಮನೆಯವರು ಇದಕ್ಕೆ ಇನ್ನೊಂದೆರಡು ಬಾಬತ್ತು ಸೇರಿಸಬೇಕು. ವಸ್ತುವನ್ನು ಮಾನ್ವಿಗೋ ದೇವದುರ್ಗಕ್ಕೋ ಸಾಗಿಸಿ ತರುವ ಬಾಡಿಗೆ, ಅದಕ್ಕಾಗಿ ತಪ್ಪಿದ ದಿನದ ಕೂಲಿ ರಿಪೇರಿಯ ಕಡೆ ಸೇರುತ್ತವೆ. ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ದಿನಗಳಲ್ಲಿ ಇದು ಸಣ್ಣ ಮೊತ್ತವಲ್ಲ. ಹೊಸದರ ಕಡೆ ಕಂತಿನ ಪ್ರೊಸೆಸಿಂಗ್ ಶುಲ್ಕ, ನಗದು ಕೊಟ್ಟಿದ್ದರೆ ಸಿಗುತ್ತಿದ್ದ ರಿಯಾಯಿತಿ, ಸ್ಟೆಬಿಲೈಸರ್, ಸ್ಟ್ಯಾಂಡು ಸೇರುತ್ತವೆ. ‘ಬಡ್ಡಿ ಇಲ್ಲದ ಕಂತು’ ಎಂದಾಗ ನಗದಿಗೆ ಎಷ್ಟು ಎಂದು ಕೇಳಿ. ಎರಡು ಬೆಲೆಗಳ ಅಂತರವೇ ನೀವು ಕೊಡುವ ಬಡ್ಡಿ.

ಈ ಲೆಕ್ಕ ನಿಂತಿರುವುದೇ ‘ಎಷ್ಟು ವರ್ಷ ನಡೆಯುತ್ತದೆ’ ಎಂಬುದರ ಮೇಲೆ, ಅದು ಗೊತ್ತಾಗುವುದು ಕೆಟ್ಟ ಭಾಗ ಯಾವುದೆಂದು ಗೊತ್ತಾದಾಗ. ಫ್ರಿಜ್ಜನ್ನೇ ತೆಗೆದುಕೊಳ್ಳೋಣ. ‘ತಂಪು ಆಗ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಐದಾರು ಕಾರಣಗಳಿರುತ್ತವೆ. ಒಳಗಿನ ಬಲ್ಬು ಉರಿಯುತ್ತಿದ್ದು, ಹಿಂದೆ ಕಂಪ್ರೆಸರ್ ಟಿಕ್ ಎಂದು ಒಂದು ಗಳಿಗೆ ಗುಂಯ್‌ಗುಟ್ಟಿ ಮತ್ತೆ ಟಿಕ್ ಎಂದು ನಿಲ್ಲುತ್ತಿದ್ದರೆ ರಿಲೇ ಅಥವಾ ಓವರ್‌ಲೋಡ್ ಕೆಟ್ಟಿರಬಹುದು, ವೋಲ್ಟೇಜ್ ಕಡಿಮೆ ಇರಬಹುದು, ಕಂಪ್ರೆಸರ್ ಒಳಗೇ ಹಿಡಿದುಕೊಂಡಿರಬಹುದು. ಮೊದಲೆರಡು ನೂರರ ಲೆಕ್ಕದ ಕೆಲಸ, ಕೊನೆಯದು ಸಾವಿರದ ಲೆಕ್ಕದ್ದು. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದ್ದೂ ತಂಪು ಸಾಲದಿದ್ದರೆ ಮೊದಲು ಬಾಗಿಲ ರಬ್ಬರ್ ನೋಡಿ. ಒಂದು ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿಂದಲೇ ತಂಪು ಸೋರುತ್ತಿದೆ, ಬಿಸಿಗಾಳಿ ಒಳಗೆ ಹೋಗುತ್ತಿದೆ. ಹಿಂಬದಿಯ ಕರಿ ಜಾಲರಿಯ ಮೇಲೆ ನಮ್ಮ ಸೀಮೆಯ ಧೂಳು ಬೆರಳಗಲ ಕೂತಿದ್ದರೆ, ಫ್ರಿಜ್ ಗೋಡೆಗೆ ಅಂಟಿಕೊಂಡು ನಿಂತಿದ್ದರೆ ಒಳಗಿನ ಶಾಖ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಪ್ಲಗ್ ತೆಗೆದು ಬ್ರಷ್ಷಿನಿಂದ ಜಾಲರಿ ಒರೆಸಿ, ಗೋಡೆಯಿಂದ ಗೇಣು ದೂರ ಸರಿಸಿ ಒಂದು ದಿನ ನೋಡುವುದಕ್ಕೆ ಯಾವ ಖರ್ಚೂ ಇಲ್ಲ.

ಮೆಕ್ಯಾನಿಕ್ ‘ಗ್ಯಾಸ್ ಖಾಲಿ ಆಗೇದ’ ಎಂದರೆ ಅಲ್ಲಿ ಸ್ವಲ್ಪ ನಿಲ್ಲಬೇಕು. ಫ್ರಿಜ್ಜಿನ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನ ಹಾಗೆ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ತುಂಬಿಸಿದ ಗ್ಯಾಸ್ ಮುಂದಿನ ಬೇಸಿಗೆಯೊಳಗೆ ಮತ್ತೆ ಹೋಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಗ್ಯಾಸಿಗೆ ಎಷ್ಟು’ ಎಂಬುದಲ್ಲ, ‘ಎಲ್ಲಿ ಲೀಕ್ ಆಗಿದೆ’ ಎಂಬುದು. ಕೊಳವೆಯ ಬೆಸುಗೆಯ ಹತ್ತಿರ ಸೋರಿದ್ದರೆ ಮತ್ತೆ ಬೆಸೆದು, ಒಳಗಿನ ಗಾಳಿ ಮತ್ತು ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ತೆಗೆದು ಗ್ಯಾಸ್ ತುಂಬಿದರೆ ವರ್ಷಗಟ್ಟಲೆ ನಡೆಯುತ್ತದೆ. ಐಸು ಕೀಳಲು ಹೋಗಿ ಚಾಕುವಿನ ಮೊನೆ ತಾಗಿ ಫ್ರೀಜರಿನ ಅಲ್ಯೂಮಿನಿಯಂ ತಗಡು ತೂತಾಗಿದ್ದರೆ ತೇಪೆ ನಿಲ್ಲುವ ಭರವಸೆ ಕಡಿಮೆ. ಕೊಳವೆ ಫ್ರಿಜ್ಜಿನ ಪಕ್ಕದ ಗೋಡೆಯೊಳಗೆ, ಫೋಮಿನ ಮಧ್ಯೆ ಹಾದುಹೋಗುವ ಮಾದರಿಯಲ್ಲಿ ಸೋರಿಕೆ ಆ ಗೋಡೆಯೊಳಗೇ ಇದ್ದರೆ ಹತ್ತು ವರ್ಷದ ಫ್ರಿಜ್ಜಿಗೆ ದುಡ್ಡು ಸುರಿಯಬೇಡಿ. ಇನ್ನೊಂದು ಎಚ್ಚರ: ಈಗಿನ ಬಹುಪಾಲು ಮನೆಯ ಫ್ರಿಜ್ಜುಗಳಲ್ಲಿ ಇರುವುದು ಆರ್600ಎ, ಅಂದರೆ ಐಸೊಬ್ಯೂಟೇನ್. ಅದು ಹೊತ್ತಿಕೊಳ್ಳುವ ಅನಿಲ. ಕಂಪ್ರೆಸರಿನ ಮೇಲಿನ ಚೀಟಿಯಲ್ಲಿ ಹೆಸರೂ ಬೆಂಕಿಯ ಗುರುತೂ ಇರುತ್ತವೆ. ಹಳೆಯ ಆರ್134ಎ ಮಾತ್ರ ಬಲ್ಲವರ ಕೈಗೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಬೆಸುಗೆಯ ಜ್ವಾಲೆಯೊಂದಿಗೆ ಇದನ್ನು ಒಪ್ಪಿಸಬಾರದು.

ಭಾಗ ಗೊತ್ತಾದ ಮೇಲೆ ಅದು ಕೆಟ್ಟ ಕಾರಣವನ್ನು ಹಿಡಿಯಬೇಕು. ರಿಪೇರಿಯ ಮೇಲೆ ಜನರಿಗೆ ಇರುವ ದೊಡ್ಡ ಆಕ್ಷೇಪ ‘ಒಮ್ಮೆ ಬಿಚ್ಚಿದ ಸಾಮಾನು ಮತ್ತೆ ಮತ್ತೆ ಕೆಡ್ತದ’ ಎಂಬುದು. ಅನುಭವದಿಂದ ಬಂದ ಮಾತು, ಸುಳ್ಳೆನ್ನಲಾಗದು. ಆದರೆ ಮತ್ತೆ ಮತ್ತೆ ಕೆಡುವುದಕ್ಕೆ ಬಹಳ ಸಲ ಕಾರಣ ಮನೆಯ ಕರೆಂಟಿನಲ್ಲಿರುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜ್ ಕುಸಿಯುತ್ತದೆ. ಕಂಪ್ರೆಸರ್ ಮೋಟಾರು ತಿರುಗಲಾರದೆ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಕರೆಂಟ್ ಹೋಗಿ ತಕ್ಷಣ ಬಂದಾಗ ಕೊಳವೆಯೊಳಗಿನ ಒತ್ತಡ ಇಳಿಯುವ ಮೊದಲೇ ಕಂಪ್ರೆಸರ್ ಎದ್ದೇಳಲು ಹೆಣಗುತ್ತದೆ. ಮಳೆಗಾಲದ ಮೊದಲ ಸಿಡಿಲಿಗೆ ಟಿವಿ, ಸೆಟ್‌ಟಾಪ್ ಬಾಕ್ಸಿನ ಬೋರ್ಡು ಸುಡುವುದು ಎಲ್ಲರಿಗೂ ಗೊತ್ತು. ಇಂಥ ಮನೆಯಲ್ಲಿ ಹಳೆಯ ಕಂಪ್ರೆಸರ್ ಸುಟ್ಟ ಕಾರಣ ಹಾಗೇ ಉಳಿದರೆ ಹೊಸ ಫ್ರಿಜ್ ತಂದರೂ ಅದಕ್ಕೂ ಅದೇ ಗತಿ. ಹಾಗಾಗಿ ಈ ಆಕ್ಷೇಪ ರಿಪೇರಿಯ ವಿರುದ್ಧ ಎಷ್ಟು ಸತ್ಯವೋ ಹೊಸ ಖರೀದಿಯ ವಿರುದ್ಧವೂ ಅಷ್ಟೇ ಸತ್ಯ. ಎರಡಕ್ಕೂ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಸಂಜೆ ಏಳರಿಂದ ಒಂಬತ್ತರ ನಡುವೆ ಸಾಕೆಟ್ಟಿನ ವೋಲ್ಟೇಜ್ ಅಳೆಸಿ, ಅರ್ಥಿಂಗ್ ನೋಡಿಸಿ. ಸ್ಟೆಬಿಲೈಸರ್ ಕೊಳ್ಳುವಾಗ ಕರೆಂಟ್ ಬಂದ ಮೇಲೆ ಎರಡು ಮೂರು ನಿಮಿಷ ತಡಮಾಡಿ ಚಾಲೂ ಮಾಡುವ ಸೌಲಭ್ಯ ಇದೆಯೇ ಕೇಳಿ. ಇಡೀ ಓಣಿಯಲ್ಲೇ ವೋಲ್ಟೇಜ್ ಕಡಿಮೆ ಇದ್ದರೆ ಅದು ವಿದ್ಯುತ್ ಕಂಪನಿ ಜೆಸ್ಕಾಂ ಸರಿಪಡಿಸಬೇಕಾದದ್ದು. ಒಬ್ಬೊಬ್ಬರೇ ಫೋನಿನಲ್ಲಿ ಗೊಣಗುವುದಕ್ಕಿಂತ ಓಣಿಯವರೆಲ್ಲ ಸೇರಿ ಬರೆದುಕೊಟ್ಟ ಅರ್ಜಿಗೆ ತೂಕ ಹೆಚ್ಚು.

ಇಷ್ಟು ಹೇಳಿದ ಮೇಲೆ ನನ್ನ ವಾದ ಎಲ್ಲದಕ್ಕೂ ರಿಪೇರಿಯೇ ಮದ್ದು ಎನ್ನುವಂತೆ ಕಾಣಬಹುದು. ಹಾಗಲ್ಲ ಎನ್ನುವುದಕ್ಕೆ ಸೀಲಿಂಗ್ ಫ್ಯಾನ್ ಒಳ್ಳೆಯ ಸಾಕ್ಷಿ. ಫ್ಯಾನ್ ನಿಧಾನವಾಗಿದ್ದರೆ ಬಹಳ ಸಲ ಕೆಪಾಸಿಟರ್ ದುರ್ಬಲವಾಗಿರುತ್ತದೆ. ಎರಡೂವರೆ ಮೈಕ್ರೋಫ್ಯಾರಡ್ ಎಂದು ಬರೆದ ಆ ಪುಟ್ಟ ಡಬ್ಬಿ ನೂರು ರೂಪಾಯಿಯೊಳಗೆ ಸಿಗುತ್ತದೆ, ಹಾಕಲು ಹತ್ತು ನಿಮಿಷ ಸಾಕು. ಗರಗರ ಸದ್ದು ಬಂದರೆ ಬೇರಿಂಗ್. ಇವೆರಡಕ್ಕೂ ಫ್ಯಾನ್ ಬದಲಿಸುವುದು ದಂಡ. ಆದರೆ ವೈಂಡಿಂಗ್ ಸುಟ್ಟಿದ್ದರೆ ಮಾತು ಬೇರೆ. ಪಂಪ್‌ಸೆಟ್ಟುಗಳು ತುಂಬಿರುವ ನಮ್ಮ ರಾಯಚೂರು ಜಿಲ್ಲೆಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಕೈಗಳಿಗೆ ಬರವಿಲ್ಲ, ಫ್ಯಾನಿನ ವೈಂಡಿಂಗ್ ಅಗ್ಗವಾಗಿಯೇ ಆಗುತ್ತದೆ. ಆದರೂ ಲೆಕ್ಕ ಹಾಕಿ. ಹಳೆಯ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30 ವಾಟಿನ ಆಸುಪಾಸು. ರಾಯಚೂರಿನ ಮನೆಯಲ್ಲಿ ಮುಖ್ಯ ಕೋಣೆಯ ಫ್ಯಾನ್ ವರ್ಷದಲ್ಲಿ ಒಂಬತ್ತು ತಿಂಗಳು, ದಿನಕ್ಕೆ 16 ಗಂಟೆ ತಿರುಗುತ್ತದೆ ಎಂದರೆ ಹೆಚ್ಚೇನಲ್ಲ. ಆಗ ಹಳೆಯದು ವರ್ಷಕ್ಕೆ ಸುಮಾರು 324 ಯೂನಿಟ್ ತಿಂದರೆ ಹೊಸದು 130. ಉಳಿತಾಯ 194 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 1,160 ರೂಪಾಯಿ. ಮೂರು ಸಾವಿರದ ಫ್ಯಾನ್ ಎರಡೂವರೆ ವರ್ಷದಲ್ಲಿ ತನ್ನ ಬೆಲೆ ತೀರಿಸುತ್ತದೆ. ಅದೇ ವೈಂಡಿಂಗ್ ಸುಟ್ಟ ಫ್ಯಾನ್ ನೆಂಟರು ಬಂದಾಗ ಮಾತ್ರ ತಿರುಗುವ ಕೋಣೆಯದಾದರೆ ವೈಂಡಿಂಗ್ ಮಾಡಿಸುವುದೇ ಸರಿ. ಒಂದೇ ಫ್ಯಾನು, ಒಂದೇ ರೋಗ, ಆದರೆ ಕೋಣೆ ಬದಲಾದಂತೆ ಉತ್ತರವೂ ಬದಲು. ಬಿಎಲ್‌ಡಿಸಿ ಫ್ಯಾನಿಗೆ ಒಂದು ದೌರ್ಬಲ್ಯವೂ ಇದೆ: ಒಳಗಿನ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಓಣಿಯ ಎಲೆಕ್ಟ್ರಿಷಿಯನ್ ಹೆಚ್ಚೇನೂ ಮಾಡಲಾರ. ಆದ್ದರಿಂದ ಬೋರ್ಡಿಗೆ ಎಷ್ಟು ವರ್ಷ ವಾರಂಟಿ, ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಯೇ ಕೊಳ್ಳಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಚೀಟಿ ಕಡ್ಡಾಯ. ಅದಿಲ್ಲದ ಅಗ್ಗದ ಫ್ಯಾನಿಗೆ ಮಾರುಹೋಗಬೇಡಿ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. 2023ರಲ್ಲಿ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗೆ ಶೂನ್ಯ ಬಿಲ್ ಬರುತ್ತಿರುವಾಗ ಯೂನಿಟ್ ಉಳಿಸಿ ಸಿಗುವುದೇನು? ಬಿಲ್ಲೇ ಕಟ್ಟದ ಮನೆಯಲ್ಲಿ ಮೇಲಿನ 1,160 ರೂಪಾಯಿ ಜೇಬಿಗೆ ಬರುವುದಿಲ್ಲ ಎನ್ನುವುದು ನಿಜ, ಅದನ್ನು ಬಚ್ಚಿಟ್ಟು ಸ್ಟಾರ್ ತೋರಿಸಿ ಮಾರುವವರ ಮಾತನ್ನು ಅಷ್ಟಕ್ಕೇ ಒಪ್ಪಬಾರದು. ಆದರೆ ಯೋಜನೆಯ ಕಟ್ಟಳೆ ಇನ್ನೊಂದು ಮಾತನ್ನೂ ಹೇಳುತ್ತದೆ. ಮನೆಯ ಉಚಿತ ಪಾಲು ನಿಗದಿಯಾಗಿರುವುದು ಆ ಮನೆಯ ಹಿಂದಿನ ಬಳಕೆಯ ಸರಾಸರಿಗೆ ಅಷ್ಟಿಷ್ಟು ಹೆಚ್ಚುವರಿ ಸೇರಿಸಿ. ಆ ಪಾಲು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ವರ್ಷದ ಸರಾಸರಿಯ ಮೇಲೆ ನಿಂತ ಪಾಲು ನಮ್ಮ ಏಪ್ರಿಲ್–ಮೇ ತಿಂಗಳ ಬಳಕೆಗೆ ಸಾಲುವುದು ಕಷ್ಟ. ಅಂದರೆ ಡಿಸೆಂಬರಿನಲ್ಲಿ ಉಳಿಸಿದ ಯೂನಿಟ್ಟಿಗೆ ಬೆಲೆಯಿಲ್ಲದಿದ್ದರೂ ಮೇ ತಿಂಗಳಲ್ಲಿ ಉಳಿಸಿದ ಯೂನಿಟ್ಟಿಗೆ ಬೆಲೆಯಿದೆ. ನಿಮ್ಮ ಮನೆಯ ಪಾಲೆಷ್ಟು, ಬೇಸಿಗೆಯ ಬಳಕೆಯೆಷ್ಟು ಎಂಬುದನ್ನು ಹಳೆಯ ಬಿಲ್ಲುಗಳಲ್ಲಿ ನೋಡಿಕೊಂಡು ಆಮೇಲೆ ಸ್ಟಾರಿನ ಮಾತಿಗೆ ಕಿವಿಗೊಡಿ. ಇನ್ನು ನಾವು ಕಟ್ಟದಿದ್ದರೂ ಆ ಯೂನಿಟ್ಟಿನ ಬೆಲೆಯನ್ನು ಸರ್ಕಾರ ಕಟ್ಟುತ್ತದೆ, ಕಲ್ಲಿದ್ದಲು ಉರಿದೇ ಉರಿಯುತ್ತದೆ. 1,720 ಮೆಗಾವಾಟ್ ಸಾಮರ್ಥ್ಯದ ಶಕ್ತಿನಗರದ ಉಷ್ಣ ಸ್ಥಾವರ ನಮ್ಮ ಜಿಲ್ಲೆಯಲ್ಲೇ, ಕೃಷ್ಣೆಯ ದಂಡೆಯಲ್ಲೇ ಇದೆ. ಅದರ ಬೂದಿ ಬೀಳುವುದೂ ಇಲ್ಲಿಯೇ.

ಹಳೆಯ ಫ್ರಿಜ್ ಎಷ್ಟು ತಿನ್ನುತ್ತದೆ ಎಂದು ಅಂದಾಜಿನ ಮೇಲೆ ಹೇಳಬೇಕಿಲ್ಲ. ಮನೆಯವರೆಲ್ಲ ಮದುವೆಗೋ ಜಾತ್ರೆಗೋ ಹೋಗುವ ದಿನ ಬೇರೆಲ್ಲ ಸ್ವಿಚ್ಚು ಆರಿಸಿ ಫ್ರಿಜ್ ಒಂದನ್ನೇ ಚಾಲೂ ಬಿಟ್ಟು, ಹೋಗುವಾಗ ಬರುವಾಗ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ಬಾಗಿಲು ತೆಗೆಯದ ದಿನವಾದ್ದರಿಂದ ನಿಜವಾದ ಬಳಕೆ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಹಾಗೆ ನೋಡಿದಾಗಲೂ ದಿನಕ್ಕೆ ಒಂದು ಯೂನಿಟ್ ದಾಟುತ್ತಿರುವ ಸಣ್ಣ ಒಂಟಿ ಬಾಗಿಲಿನ ಫ್ರಿಜ್ಜಿನ ಕಂಪ್ರೆಸರ್ ಹೋದರೆ ಹೊಸದರ ಕಡೆ ವಾಲುವುದು ಸರಿ. ಹೊಸದರ ಚೀಟಿಯಲ್ಲಿ ನಕ್ಷತ್ರಗಳ ಎಣಿಕೆಯ ಜೊತೆ ವರ್ಷಕ್ಕೆ ಇಷ್ಟು ಯೂನಿಟ್ ಎಂದೂ, ಆ ಚೀಟಿ ಯಾವ ಅವಧಿಯದೆಂದೂ ಬರೆದಿರುತ್ತದೆ. ಅಳತೆಗೋಲನ್ನು ಕೆಲವು ವರ್ಷಕ್ಕೊಮ್ಮೆ ಬಿಗಿಗೊಳಿಸುವುದರಿಂದ ಹಳೆಯ ಐದು ಸ್ಟಾರು ಈಗಿನ ಮೂರಕ್ಕೋ ಎರಡಕ್ಕೋ ಇಳಿದಿರಬಹುದು. ಯೂನಿಟ್ಟಿನ ಅಂಕಿ ಮಾತ್ರ ಹಾಗೆ ಮೋಸ ಮಾಡುವುದಿಲ್ಲ, ಎರಡು ಫ್ರಿಜ್ಜುಗಳನ್ನು ಹೋಲಿಸುವಾಗ ಅದನ್ನೇ ನೋಡಿ.

ನಮ್ಮ ಬೇಸಿಗೆಯಲ್ಲಿ ಈ ಪ್ರಶ್ನೆ ಅತಿ ದುಬಾರಿಯಾಗುವುದು ಕೂಲರಿನ ವಿಷಯದಲ್ಲಿ. ಕೂಲರ್ ಕೆಟ್ಟಿತು ಎನ್ನುವ ನೆಪದಲ್ಲಿ ಏಸಿ ತರುವ ಮನೆಗಳು ಹೆಚ್ಚುತ್ತಿವೆ. 2025ರ ಸೆಪ್ಟೆಂಬರಿನಲ್ಲಿ ಏಸಿಯ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದೂ ಆ ಆಸೆಗೆ ಬಲ ಕೊಟ್ಟಿದೆ. (ಫ್ರಿಜ್, ವಾಷಿಂಗ್ ಮಷೀನುಗಳ ಮೇಲೆ 2018ರಿಂದಲೇ ಶೇ. 18 ಇದೆ, ಅವುಗಳಿಗೂ ಹೊಸದಾಗಿ ತೆರಿಗೆ ಇಳಿದಿದೆ ಎಂದು ಯಾರಾದರೂ ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ.) ಆದರೆ ಮಾರ್ಚಿನಿಂದ ಮೇ ತನಕ ನಮ್ಮಲ್ಲಿರುವುದು ಒಣಬಿಸಿಲು. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ, ಕೂಲರ್ ಹೆಚ್ಚು ತಂಪು ಕೊಡುತ್ತದೆ. ಮಂಗಳೂರಿನಲ್ಲಿ ನಿಷ್ಪ್ರಯೋಜಕವಾದ ಯಂತ್ರ ಮಾನ್ವಿಯಲ್ಲಿ ಚೆನ್ನಾಗಿ ದುಡಿಯುತ್ತದೆ. ತಗಡಿನ ಕೂಲರಿನಷ್ಟು ರಿಪೇರಿಗೆ ಒಗ್ಗುವ ವಸ್ತು ಇನ್ನೊಂದಿಲ್ಲ: ನೀರೆತ್ತುವ ಪುಟ್ಟ ಪಂಪು, ಮೋಟಾರು, ರೆಕ್ಕೆ, ಪ್ಯಾಡು ಎಲ್ಲವೂ ಬಿಡಿಬಿಡಿಯಾಗಿ ಪೇಟೆಯಲ್ಲಿ ಸಿಗುತ್ತವೆ. ಬೋರಿನ ಗಡಸು ನೀರಿನಿಂದ ಪ್ಯಾಡಿನ ಮೇಲೆ ಬಿಳಿ ಪದರ ಕಟ್ಟಿ ಗಾಳಿ ತಡೆದರೆ ‘ಕೂಲರ್ ಹಳೇದಾತು’ ಎನ್ನುತ್ತೇವೆ. ಪ್ಯಾಡ್ ಬದಲಿಸಿ, ತಳದ ನೀರನ್ನು ಆಗಾಗ ಚೆಲ್ಲಿ ಹೊಸ ನೀರು ತುಂಬಿದರೆ ಅದೇ ಕೂಲರ್ ಮತ್ತೆ ಮೊದಲಿನಂತಾಗುತ್ತದೆ. ಬಳಕೆಯಲ್ಲೂ ಅಂತರ ದೊಡ್ಡದು. 200 ವಾಟಿನ ಕೂಲರ್ ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಒಂದೂವರೆ ಟನ್ನಿನ ಏಸಿ ಸರಾಸರಿ 1,200 ವಾಟ್ ಎಳೆದು ಆರು ಗಂಟೆ ಓಡಿದರೆ ತಿಂಗಳಿಗೆ 216. ಅದೊಂದೇ ಗೃಹಜ್ಯೋತಿಯ 200ರ ಗೆರೆ ದಾಟಿಸಿ ಇಡೀ ಮನೆಯ ಬಿಲ್ಲನ್ನು ಹೊರೆ ಮಾಡುತ್ತದೆ. ವಯಸ್ಸಾದವರು, ಹೃದ್ರೋಗಿಗಳು, ಹಸುಗೂಸು ಇರುವ ಮನೆಗೆ ಏಸಿ ಬೇಕೇ ಬೇಕು ಎನ್ನಿಸಿದರೆ ಅದು ಒಪ್ಪತಕ್ಕ ಮಾತು. ಆಗ ಅದನ್ನು ಏಸಿಯ ಅಗತ್ಯ ಎಂದೇ ತೂಗಬೇಕು, ಕೂಲರಿನ ಪಂಪು ಕೆಟ್ಟದ್ದನ್ನು ಕಾರಣ ಮಾಡಬಾರದು.

ಸಣ್ಣ ಸಾಮಾನುಗಳ ಮಾತು ಬೇಗ ಮುಗಿಯುತ್ತದೆ. ಮಿಕ್ಸಿ ತಟ್ಟನೆ ನಿಂತರೆ ಅಂಗಡಿಗೆ ಒಯ್ಯುವ ಮೊದಲು ತಿರುವಿ ತಳ ನೋಡಿ. ಅಲ್ಲಿರುವ ಪುಟ್ಟ ಓವರ್‌ಲೋಡ್ ಬಟನ್ ಒತ್ತಿದರೆ ಎಷ್ಟೋ ‘ಕೆಟ್ಟ’ ಮಿಕ್ಸಿಗಳು ತಿರುಗುತ್ತವೆ. ಕಪ್ಲರ್, ಕಾರ್ಬನ್ ಬ್ರಷ್, ಜಾರಿನ ಬುಶ್ ಸವೆಯುವುದಕ್ಕೇ ಇರುವ ಭಾಗಗಳು, ಬದಲಿಸುತ್ತ ಹೋಗಿ. ಮೋಟಾರೇ ಸುಟ್ಟರೆ ಅಗ್ಗದ ಮಿಕ್ಸಿಗೆ ವೈಂಡಿಂಗ್ ಬೇಡ. ಎರಡು ತೊಟ್ಟಿಯ ವಾಷಿಂಗ್ ಮಷೀನಿನ ಬೆಲ್ಟು, ಬ್ರೇಕು, ಟೈಮರು, ನೀರು ಹೋಗುವ ಕೊಳವೆ ಎಲ್ಲ ಊರಲ್ಲೇ ಆಗುವ ಕೆಲಸ. ಪೂರ್ತಿ ಆಟೊಮ್ಯಾಟಿಕ್ ಆದರೆ ಬೋರ್ಡಿನ ಬೆಲೆ ಮೊದಲು ಕೇಳಿಕೊಳ್ಳಿ. ಟಿವಿಯಲ್ಲಿ ಸದ್ದಿದ್ದು ಚಿತ್ರ ಕತ್ತಲಾಗಿದ್ದರೆ ಹಿಂದಿನ ಎಲ್‌ಇಡಿ ಪಟ್ಟಿ ಹೋಗಿರಬಹುದು, ಅದು ರಿಪೇರಿಗೆ ಬರುತ್ತದೆ. ಪ್ಯಾನಲ್ ಒಡೆದಿದ್ದರೆ ಬರುವುದಿಲ್ಲ. ಆದರೆ ಕೆಲವು ವಸ್ತುಗಳಲ್ಲಿ ಲೆಕ್ಕವನ್ನೇ ಬದಿಗಿಡಬೇಕು. ನೀರು ಕಾಯಿಸುವ ರಾಡು ಸೀಳಿದ್ದರೆ, ಗೀಸರಿನ ಟ್ಯಾಂಕೇ ತೂತಾಗಿದ್ದರೆ ಅದಕ್ಕೆ ತೇಪೆ ಎಂಬುದಿಲ್ಲ. ತಗಡಿನ ಕೂಲರ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಪ್ಲಗ್ ತಿರುಗಿಸಿ ಹಾಕಿ ಸುಮ್ಮನಾಗಬಾರದು; ಅದು ಅರ್ಥಿಂಗ್ ಇಲ್ಲ, ಎಲ್ಲೋ ತಂತಿ ತಗಡಿಗೆ ತಾಗಿದೆ ಎಂಬುದರ ಸೂಚನೆ. ಒದ್ದೆ ಕೈ, ಒದ್ದೆ ನೆಲ, ಬರಿಗಾಲಿನ ಮಕ್ಕಳು ಇರುವ ಜಾಗದಲ್ಲಿ ಇದು ಜೀವ ತೆಗೆಯುತ್ತದೆ. ಮೂರು ಪಿನ್ನಿನ ಪ್ಲಗ್, ನಿಜವಾಗಿ ನೆಲ ಮುಟ್ಟುವ ಅರ್ಥಿಂಗ್, ಮೀಟರ್ ಬೋರ್ಡಿನಲ್ಲಿ ಕರೆಂಟ್ ಸೋರಿದ ಕೂಡಲೇ ಕಡಿತಗೊಳಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇವು ಮನೆಯಲ್ಲಿ ಇರಲೇಬೇಕು. ಹೊಸ ಸಾಮಾನಿಗೆ ಕೂಡಿಟ್ಟ ದುಡ್ಡಿನಲ್ಲಿ ಮೊದಲ ಖರ್ಚು ಇದಾಗಲಿ ಎಂದು ಒತ್ತಿ ಹೇಳುತ್ತೇನೆ.

ಉಳಿದ ಆಕ್ಷೇಪ ಮೆಕ್ಯಾನಿಕ್‌ನ ಮೇಲಿನ ಅಪನಂಬಿಕೆ. ನಕಲಿ ಭಾಗ ಹಾಕುತ್ತಾರೆ, ಒಂದು ಕೆಟ್ಟರೆ ಮೂರು ಹೇಳುತ್ತಾರೆ, ಹೊಸದಾದರೆ ವಾರಂಟಿಯಾದರೂ ಇರುತ್ತದೆ ಎಂಬ ಮಾತು. ಇದಕ್ಕೆ ಪರಿಹಾರ ಕೆಲಸದ ಕ್ರಮದಲ್ಲಿದೆ. ಬಿಚ್ಚುವ ಮೊದಲು ನೋಡುವುದಕ್ಕೆ ಎಷ್ಟು ಎಂದು ಕೇಳಿ. ಬಿಚ್ಚಿದ ಮೇಲೆ ಕೆಟ್ಟ ಭಾಗದ ಹೆಸರು, ಬೆಲೆ, ಕೂಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ವಾಪಸ್ ತೆಗೆದುಕೊಳ್ಳಿ. ಮಾಡಿದ ಕೆಲಸಕ್ಕೆ ಮೂರು ತಿಂಗಳಾದರೂ ಜವಾಬ್ದಾರಿ ಹೊರುತ್ತಾರೆಯೇ ಕೇಳಿ. ನಾಲ್ಕು ಜನ ಬಲ್ಲ ಊರಿನ ಮೆಕ್ಯಾನಿಕ್ ಹೆಸರು ಕೆಡಿಸಿಕೊಂಡು ಅಂಗಡಿ ನಡೆಸಲಾರ, ಈ ಅನುಕೂಲ ಬೆಂಗಳೂರಿನ ದೊಡ್ಡ ಬಡಾವಣೆಯವರಿಗೆ ಇಲ್ಲ. ವಾರಂಟಿಯ ಮಾತಿಗೆ ಬಂದರೆ, ‘ಕಂಪ್ರೆಸರಿಗೆ 10 ವರ್ಷ’ ಎಂಬುದು ಸಾಮಾನ್ಯವಾಗಿ ಕಂಪ್ರೆಸರ್ ಎಂಬ ಭಾಗಕ್ಕೆ ಮಾತ್ರ. ಗ್ಯಾಸು, ಕೂಲಿ, ಸಾಗಣೆ ನಿಮ್ಮದೇ. ಹಾಗೆಂದು ಅದನ್ನು ಮರೆಯಲೂಬಾರದು. ಐದಾರು ವರ್ಷದ ಫ್ರಿಜ್ ಕೆಟ್ಟರೆ ಹೊರಗಿನವರ ಕೈಗೆ ಕೊಡುವ ಮೊದಲು ಆ ಚೀಟಿ ಹುಡುಕಿ, ಕಂಪ್ರೆಸರ್ ಇನ್ನೂ ವಾರಂಟಿಯಲ್ಲೇ ಇರಬಹುದು. ಕಂಪನಿ ಕೊಟ್ಟ ಮಾತಿಗೆ ತಪ್ಪಿದರೆ 1915ಕ್ಕೆ ಕರೆಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರು ಬರೆದುಕೊಳ್ಳುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ. ಬಿಡಿಭಾಗವೇ ಸಿಗುವುದಿಲ್ಲ ಎಂದು ಕೈತೊಳೆದುಕೊಳ್ಳುವ ಕಂಪನಿಗಳ ವಿಷಯಕ್ಕೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿ, ಆ ವರ್ಷದ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಫ್ರಾನ್ಸಿನಲ್ಲಿ 2021ರಿಂದ ಕೆಲವು ವಸ್ತುಗಳ ಮೇಲೆ ಅವು ರಿಪೇರಿಗೆ ಎಷ್ಟು ಸುಲಭ ಎಂಬ ಅಂಕವನ್ನೇ ಅಚ್ಚುಹಾಕುತ್ತಾರೆ. ನಮ್ಮಲ್ಲಿ ಅಂಥ ಅಂಕ ಕಡ್ಡಾಯವಾಗುವ ತನಕ ಆ ಕೆಲಸವನ್ನು ನಾವೇ ಮಾಡಬೇಕು: ಹೊಸದು ಕೊಳ್ಳುವ ದಿನವೇ ಊರಿನ ಮೆಕ್ಯಾನಿಕ್‌ಗೆ ಫೋನು ಮಾಡಿ, ಈ ಕಂಪನಿಯ ಭಾಗ ಮಾನ್ವಿ, ರಾಯಚೂರಿನಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಅವರು ಬೇಡವೆಂದ ಮಾದರಿಯನ್ನು ಎಷ್ಟೇ ಅಗ್ಗವಿದ್ದರೂ ಬಿಡುವುದು ಲೇಸು.

ಹೊಸದನ್ನೇ ತಂದಿರಿ ಎನ್ನಿ, ಹಳೆಯದನ್ನು ಏನು ಮಾಡುತ್ತೀರಿ ಎಂಬುದೂ ಈ ನಿರ್ಧಾರದ ಭಾಗವೇ. ‘ಇರಲಿ, ನೀರಿಗಾದೀತು’ ಎಂದು ಹಳೆಯ ಫ್ರಿಜ್ಜನ್ನು ಪಡಸಾಲೆಯಲ್ಲಿ ಚಾಲೂ ಇಟ್ಟುಕೊಂಡರೆ ಹೊಸದರ ಸ್ಟಾರಿನ ಉಳಿತಾಯವೆಲ್ಲ ಅಲ್ಲೇ ಕರಗಿತು. ಗುಜರಿಗೆ ಕೊಟ್ಟರೆ ತಾಮ್ರಕ್ಕಾಗಿ ಕೊಳವೆ ಕತ್ತರಿಸಿ ಗ್ಯಾಸನ್ನು ಗಾಳಿಗೆ ಬಿಡುತ್ತಾರೆ, ತಂತಿಯ ಪ್ಲಾಸ್ಟಿಕ್ ಸುಡುತ್ತಾರೆ. ಆ ಹೊಗೆ ಕುಡಿಯುವವರು ಗುಜರಿ ಆಯುವ ಮಕ್ಕಳೂ ಅದೇ ಓಣಿಯವರೂ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಸಾಮಾನನ್ನು ಸರಿಯಾಗಿ ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಹಾಗಾಗಿ ಎಕ್ಸ್‌ಚೇಂಜಿಗೆ ಕೊಡುವಾಗ ಅದು ಎಲ್ಲಿಗೆ ಹೋಗುತ್ತದೆ ಎಂದು ಅಂಗಡಿಯವರನ್ನು ಕೇಳುವ ಹಕ್ಕು ನಮಗಿದೆ. ಕೇಳುವವರು ಹೆಚ್ಚಾದರೆ ಉತ್ತರ ಕೊಡುವ ವ್ಯವಸ್ಥೆಯೂ ಬರುತ್ತದೆ. ಇದೆಲ್ಲಕ್ಕೂ ಸಮಾಧಾನದ ಮನಸ್ಸು ಬೇಕು, ಅದು ಏಪ್ರಿಲ್ ಬಿಸಿಲಿನಲ್ಲಿ ಇರುವುದಿಲ್ಲ. ಯುಗಾದಿ ದಾಟಿತೆಂದರೆ ಮೆಕ್ಯಾನಿಕ್‌ಗೆ ಬಿಡುವಿಲ್ಲ, ಭಾಗಗಳಿಗೆ ಕೊರತೆ, ಅಂಗಡಿಯಲ್ಲಿ ಚೌಕಾಶಿಗೆ ಜಾಗವಿಲ್ಲ. ಶಿವರಾತ್ರಿಯ ಹೊತ್ತಿಗೇ ಕೂಲರನ್ನು ಇಳಿಸಿ ಒಂದು ಗಂಟೆ ಓಡಿಸಿ, ಫ್ರಿಜ್ಜಿನ ಬಾಗಿಲಿಗೆ ಕಾಗದ ಇಟ್ಟು ಎಳೆಯಿರಿ, ಫ್ಯಾನುಗಳ ಸದ್ದು ಕೇಳಿ, ಬೇಕಾದ ಭಾಗಗಳ ಪಟ್ಟಿ ಹಿಡಿದು ಮಾನ್ವಿಯ ಸಂತೆಯ ದಿನ ಒಂದೇ ಸಲ ಮೆಕ್ಯಾನಿಕ್‌ನ ಅಂಗಡಿಗೂ ಹೋಗಿಬನ್ನಿ.